ನಲವತ್ತಮೂರರ ಶಿಖರ, ಇಪ್ಪತ್ತೊಂದರ ವಯೋಮಿತಿ

2025ರ ನವೆಂಬರ್ 1ರಂದು, ಇಲ್ಲಿ ನಾವು ರಾಜ್ಯೋತ್ಸವದ ಧ್ವಜ ಹಾರಿಸುತ್ತಿದ್ದ ದಿನವೇ, ರೋಹನ್ ಬೋಪಣ್ಣ ವೃತ್ತಿಪರ ಟೆನಿಸ್‌ಗೆ ವಿದಾಯ ಹೇಳಿದರು. ಆಗ ಅವರಿಗೆ 45 ವರ್ಷ. ಅಭಿನಂದನೆಯ ಸಂದರ್ಭದಲ್ಲಿ ‘ಸಾಧನೆಗೆ ವಯಸ್ಸಿನ ಹಂಗಿಲ್ಲ’ ಎಂಬ ಮಾತು ಧಾರಾಳವಾಗಿ ಕೇಳಿಬಂತು. ಮಾತು ಸುಳ್ಳಲ್ಲ. ಆದರೆ ಅರ್ಥಶಾಸ್ತ್ರ ಓದಿ, ಮೂರು ದಶಕ ಸರ್ಕಾರಿ ಕಡತಗಳ ನಡುವೆ ಬದುಕಿದ ನನ್ನನ್ನು ಕಾಡುವ ಪ್ರಶ್ನೆಯೇ ಬೇರೆ. ಒಬ್ಬ ಆಟಗಾರನ ಶಿಖರ 43ನೇ ವಯಸ್ಸಿನಲ್ಲಿ ಬರುವುದಾದರೆ, ಅಲ್ಲಿಯವರೆಗಿನ ಖರ್ಚು ಯಾರದು?

ಬೋಪಣ್ಣ ಕೊಡಗಿನ ಕಾಫಿ ಬೆಳೆಗಾರರ ಮನೆಯ ಹುಡುಗ. ಟೆನಿಸ್ ಹಿಡಿದದ್ದು ಹನ್ನೊಂದರ ಸುಮಾರಿಗೆ. ಈ ಆಟದಲ್ಲಿ ಅದು ಬೇಗ ಎನ್ನುವಂತಿಲ್ಲ. ತರಬೇತಿಗೆ ಪುಣೆಗೆ ಹೋದರು. ವೃತ್ತಿಪರರಾದದ್ದು 2003ರಲ್ಲಿ, 23ರ ಹರೆಯದಲ್ಲಿ. ಸಿಂಗಲ್ಸ್‌ನಲ್ಲಿ ಅವರು ಏರಿದ ಅತಿ ಎತ್ತರದ ಸ್ಥಾನ 213, ಅದು 2007ರಲ್ಲಿ. ಅಂದು ಯಾವುದೇ ಆಯ್ಕೆ ಸಮಿತಿಯ ಮುಂದೆ ಈ ಅಂಕಿಗಳನ್ನಿಟ್ಟಿದ್ದರೆ ಷರಾ ಏನು ಬರುತ್ತಿತ್ತೆಂದು ಊಹಿಸಬಲ್ಲೆ. 27 ವರ್ಷ, 213ನೇ ಸ್ಥಾನ: ‘ಪ್ರಗತಿಯ ಸಾಧ್ಯತೆ ಕಡಿಮೆ.’

ಅವರು ಡಬಲ್ಸ್ ಕಡೆ ಹೊರಳಿದರು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆಗೂಡಿ ಅಮೆರಿಕ ಓಪನ್ ಫೈನಲ್ ತಲುಪಿ, ಬ್ರಯಾನ್ ಸಹೋದರರಿಗೆ ಎರಡು ಟೈಬ್ರೇಕರ್‌ಗಳಲ್ಲಿ ಸೋತರು. ಅದೇ ತಿಂಗಳು ಚೆನ್ನೈಯಲ್ಲಿ ಬ್ರೆಜಿಲ್ ವಿರುದ್ಧದ ಡೇವಿಸ್ ಕಪ್ ಹಣಾಹಣಿಯಲ್ಲಿ 0-2ರಿಂದ ಹಿಂದಿದ್ದ ಭಾರತ 2-2ಕ್ಕೆ ಬಂದಾಗ, ನಿರ್ಣಾಯಕ ಐದನೇ ಪಂದ್ಯದಲ್ಲಿ ರಿಕಾರ್ಡೊ ಮೆಲೊ ಅವರನ್ನು ಮಣಿಸಿದ್ದು ಇದೇ ‘ಸಿಂಗಲ್ಸ್‌ಗೆ ಸಲ್ಲದ’ ಬೋಪಣ್ಣ. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಮುಂದೆ ಎರಡೂ ಮಂಡಿಗಳ ಮೃದ್ವಸ್ಥಿ ಸವೆದು, ನೋವಿನ ಗುಳಿಗೆ ನುಂಗಿ ಆಡುವ ಕಾಲ ಬಂತು. ಕೈಹಿಡಿದದ್ದು ಅಯ್ಯಂಗಾರ್ ಯೋಗ. (ಆ ಪದ್ಧತಿಯ ಪ್ರವರ್ತಕ ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರು ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು.) 2024ರ ಜನವರಿ 27ರಂದು ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ, ಅದರ ಬೆನ್ನಿಗೇ ವಿಶ್ವದ ಒಂದನೇ ಸ್ಥಾನ. ಆ ಸ್ಥಾನವನ್ನು ಮೊದಲ ಬಾರಿ ಏರಿದವರಲ್ಲಿ ಅವರೇ ಅತಿ ಹಿರಿಯರು.

ಈಗ ಲೆಕ್ಕಕ್ಕೆ ಬರೋಣ. ಆ ವರ್ಷ ಮೆಲ್ಬರ್ನ್‌ನಲ್ಲಿ ಸಿಂಗಲ್ಸ್ ಚಾಂಪಿಯನ್ನನಿಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಡಬಲ್ಸ್ ಗೆದ್ದ ಜೋಡಿಗೆ 7.3 ಲಕ್ಷ. ಇಬ್ಬರು ಹಂಚಿಕೊಂಡರೆ ತಲಾ 3.65 ಲಕ್ಷ. ಸಿಂಗಲ್ಸ್‌ನ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋದವನಿಗೆ 1.2 ಲಕ್ಷ. ಎಂದರೆ ಡಬಲ್ಸ್ ಕಿರೀಟ ತೊಟ್ಟವನ ಗಳಿಕೆ, ಸಿಂಗಲ್ಸ್‌ನಲ್ಲಿ ಒಂದು ಪಂದ್ಯವನ್ನೂ ಗೆಲ್ಲದವನ ಗಳಿಕೆಯ ಮೂರು ಪಟ್ಟು ಮಾತ್ರ. ಇದು ಶಿಖರದ ಕಥೆ. ಬುಡದಲ್ಲಿ, ಬೋಪಣ್ಣ ವೃತ್ತಿ ಆರಂಭಿಸಿದ ಕಾಲದಲ್ಲಿ, 10,000 ಡಾಲರ್ ಮೊತ್ತದ ಕಿರುಟೂರ್ನಿಗಳಿದ್ದವು. ಅವುಗಳ ಸಿಂಗಲ್ಸ್ ಗೆದ್ದವನಿಗೂ ಒಂದೂವರೆ ಸಾವಿರ ಡಾಲರ್ ದಕ್ಕುತ್ತಿರಲಿಲ್ಲ. ಟೆನಿಸ್ ಆಟಗಾರನಿಗೆ ಸಂಬಳವಿಲ್ಲ. ವಿಮಾನದ ಟಿಕೆಟ್, ಕೊಠಡಿಯ ಬಾಡಿಗೆ, ಕೋಚ್‌ನ ಶುಲ್ಕ, ರ‍್ಯಾಕೆಟ್‌ನ ತಂತಿ ಎಲ್ಲವೂ ಅವನ ಜೇಬಿನಿಂದಲೇ. ಸೋತ ವಾರ ಆದಾಯ ಇಲ್ಲವೆಂದರೂ ನಡೆದೀತು, ಖರ್ಚಂತೂ ತಪ್ಪದು.

ಹೀಗಾಗಿ ಈ ಆಟದಲ್ಲಿ ಉಳಿಯುವವನು ಅತ್ಯುತ್ತಮನೇ ಆಗಿರಬೇಕಿಲ್ಲ. ಸೋಲನ್ನು ಹೆಚ್ಚು ಕಾಲ ಭರಿಸಬಲ್ಲವನು ಉಳಿಯುತ್ತಾನೆ. ಬೋಪಣ್ಣ ಅವರ ಪರಿಶ್ರಮವನ್ನು ಕಿರಿದುಗೊಳಿಸಲು ಇದನ್ನು ಹೇಳುತ್ತಿಲ್ಲ. ಬೆನ್ನಿಗೆ ನಿಂತ ಮನೆಯಿದ್ದೂ ಆ ಮಟ್ಟಕ್ಕೇರಲಾಗದವರು ಅಸಂಖ್ಯರಿದ್ದಾರೆ. ಅಂಥ ಮನೆಯೇ ಇಲ್ಲದವರ ಗತಿಯೇನು ಎಂಬುದು ನನ್ನ ಚಿಂತೆ.

ಈ ಚಿಂತೆಗೆ ಕಾರಣವಿದೆ. ಎರಡು ದಶಕಗಳಿಗೂ ಹಿಂದೆ ಕ್ರೀಡಾಪಟುಗಳಿಗೆ ನೆರವು ನೀಡುವ ಸಮಿತಿಯೊಂದರಲ್ಲಿ ಹಣಕಾಸು ಪ್ರತಿನಿಧಿಯಾಗಿ ಕುಳಿತಿದ್ದೆ. ಒಬ್ಬ ಟೆನಿಸ್ ಆಟಗಾರ ಮೂರು ವಿದೇಶಿ ಟೂರ್ನಿಗಳ ಪ್ರಯಾಣವೆಚ್ಚ ಕೋರಿದ್ದ. ವಯಸ್ಸು 24. ನಿಯಮದ ಮಿತಿ 21. ‘ವಯೋಮಿತಿ ಮೀರಿದೆ, ನಿಯಮ ಸಡಿಲಿಕೆಗೆ ಸಮರ್ಥನೆ ಇಲ್ಲ’ ಎಂದು ಬರೆದು ಸಹಿ ಮಾಡಿದೆ. ಎರಡು ನಿಮಿಷದ ಕೆಲಸ. ನಿಯಮದ ಪ್ರಕಾರ ಅದು ಸರಿಯೇ ಇತ್ತು. ಆದರೆ 21 ಎಂಬ ಅಂಕಿ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಆಮೇಲೆ ತಿಳಿದಂತೆ ಅದು ವಿದ್ಯಾರ್ಥಿವೇತನದ ಯಾವುದೋ ಹಳೆಯ ಆದೇಶದಿಂದ ಯಥಾವತ್ ನಕಲಾಗಿ ಬಂದದ್ದು. ಈಜುಗಾರ್ತಿಗೂ ಶೂಟಿಂಗ್ ಪಟುವಿಗೂ ಡಬಲ್ಸ್ ಆಟಗಾರನಿಗೂ ಒಂದೇ ಅಳತೆಗೋಲು!

ಗೆದ್ದ ಮೇಲೆ ಕೊಡುವುದರಲ್ಲಿ ನಮ್ಮ ವ್ಯವಸ್ಥೆ ಹಿಂದೆ ಬಿದ್ದಿಲ್ಲ. ಬೋಪಣ್ಣ ಅವರಿಗೆ ಅರ್ಜುನ ಬಂತು, 2024ರಲ್ಲಿ ಪದ್ಮಶ್ರೀಯೂ ಬಂತು. ಅವೆಲ್ಲ ಸಲ್ಲಬೇಕಾದ್ದೇ. ಆದರೆ ಗೌರವಧನವೆಂಬುದು ಬೆಳೆ ಮನೆಗೆ ಬಂದ ಮೇಲೆ ಸಿಗುವ ಗೊಬ್ಬರದ ಸಹಾಯಧನದಂತೆ. ಕಾಫಿ ಗಿಡ ನೆಟ್ಟವನು ಮೂರು ನಾಲ್ಕು ವರ್ಷ ಬರಿಗೈಲಿ ಕಾಯಬೇಕೆಂದು ಬ್ಯಾಂಕಿನವರಿಗೂ ಗೊತ್ತು. ಸಾಲದ ಕಂತನ್ನು ಆ ಪ್ರಕಾರವೇ ಹೊಂದಿಸುತ್ತಾರೆ.

ಆಟಗಾರನಿಗೂ ಹಾಗೆ ಹೊಂದಿಸಲು ಸಾಧ್ಯವಿದೆ. ಬೋಪಣ್ಣ ಗೆದ್ದ ಆಸ್ಟ್ರೇಲಿಯಾದಲ್ಲೇ ಒಂದು ಮಾದರಿ ಇದೆ. 1989ರಲ್ಲಿ ಆ ದೇಶ ಉನ್ನತ ಶಿಕ್ಷಣದ ಶುಲ್ಕಕ್ಕೆ ವಿಶಿಷ್ಟ ಸಾಲ ಪದ್ಧತಿ ತಂದಿತು: ಓದಿದವನ ವರಮಾನ ನಿಗದಿತ ಮಟ್ಟ ದಾಟಿದ ಮೇಲಷ್ಟೇ ಮರುಪಾವತಿ, ಅದೂ ತೆರಿಗೆಯ ಮೂಲಕ. ಇದೇ ಬಗೆಯಲ್ಲಿ 20ರಿಂದ 30 ವರ್ಷದ ಆಟಗಾರರಿಗೆ ಪ್ರಯಾಣ ಮತ್ತು ತರಬೇತಿಯ ವೆಚ್ಚ ಕೊಟ್ಟು, ಬಹುಮಾನದ ಗಳಿಕೆ ಒಂದು ಮಟ್ಟ ಮೀರಿದಾಗ ಪಾಲು ಹಿಂಪಡೆಯಬಹುದು. ಅರ್ಹತೆಯನ್ನು ಜನ್ಮದಿನಾಂಕದ ಬದಲು ಹಿಂದಿನ ಎರಡು ವರ್ಷಗಳ ಆಟ ನೋಡಿ ನಿರ್ಧರಿಸಲಿ. ಬಹುತೇಕ ಹಣ ಮರಳುವುದಿಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಆ ಕುರ್ಚಿಯಲ್ಲಿದ್ದಾಗ ಮೊದಲು ಎತ್ತುತ್ತಿದ್ದವನು ನಾನೇ. ಮರಳದ ಪಾಲನ್ನು ಆಯವ್ಯಯದಲ್ಲಿ ಮೊದಲೇ ವೆಚ್ಚವೆಂದು ತೋರಿಸಿದರಾಯಿತು. ಕ್ರೀಡಾಂಗಣದ ಕಾಂಕ್ರೀಟಿಗೆ ಸುರಿದ ಹಣ ಮರಳಿತೇ ಎಂದು ಯಾರೂ ಕೇಳಿದ್ದಿಲ್ಲ.

ಆ 24ರ ಯುವಕನ ಹೆಸರು ನನಗೆ ನೆನಪಿಲ್ಲ. ಕಡತದಲ್ಲಿ ಅವನ ಜನ್ಮದಿನಾಂಕದ ಪ್ರಮಾಣಪತ್ರದ ಮೂರು ಪ್ರತಿಗಳಿದ್ದವು. ಅವನು ಆಡುವುದನ್ನು ಮಾತ್ರ ಸಮಿತಿಯ ಏಳು ಮಂದಿಯಲ್ಲಿ ಒಬ್ಬರೂ ನೋಡಿರಲಿಲ್ಲ.