ಬಿಡುವ ತಂತಿ, ಹಿಡಿಯುವ ತಂತಿ



ಕಾಲೇಜು ಪ್ರವೇಶದ ದಿನಗಳು ಬಂದವೆಂದರೆ ನಮ್ಮ ಮನೆಗಳಲ್ಲಿ ಲ್ಯಾಪ್‌ಟಾಪ್‌ನ ಮಾತು ಶುರುವಾಗುತ್ತದೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸುತ್ತಿನ ಕನ್ನಡ ಕುಟುಂಬಗಳೂ ಇದಕ್ಕೆ ಹೊರತಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಮೊದಲೆರಡು ಊರುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಇಂದು ಅವು ತೆಲಂಗಾಣಕ್ಕೆ ಸೇರಿವೆ. ಮಕ್ಕಳು ಓದಲು ಹೈದರಾಬಾದಿಗೋ ಬೀದರಿಗೋ ಕಲಬುರ್ಗಿಗೋ ಹೋಗುತ್ತಾರೆ. ತೊಗರಿ, ಶುಂಠಿ, ಕಬ್ಬು ಮಾರಿದ ದುಡ್ಡಿನಲ್ಲಿ ಒಂದಿಷ್ಟು ತೆಗೆದಿಟ್ಟು, ಉಳಿದದ್ದಕ್ಕೆ ಸಾಲ ಮಾಡಿ ತಂದೆತಾಯಂದಿರು ಲ್ಯಾಪ್‌ಟಾಪ್ ಕೊಡಿಸುತ್ತಾರೆ. ಮನೆಗೆಲ್ಲ ಅದೊಂದೇ. ಅಣ್ಣನ ಓದು ಮುಗಿದರೆ ತಂಗಿಗೆ ಬರಬೇಕು.

ಆಗ ಕೇಳುವ ಪ್ರಶ್ನೆ ಇದು: "ಫಾದರ್, ಮ್ಯಾಗ್ನೆಟ್ ಚಾರ್ಜರ್ ಇರೋದು ತಗೊಂಡ್ರ ಛಲೋ ಏನ್ರಿ, ಸಾದಾದು ಸಾಕೇನ್ರಿ?" ಪ್ರಶ್ನೆ ಸಣ್ಣದಾಗಿ ಕಾಣಬಹುದು. ಆದರೆ ಆ ತಂತಿಗೆ ಯಾರದೋ ಕಾಲು ತಗುಲಿ ಲ್ಯಾಪ್‌ಟಾಪ್ ನೆಲಕ್ಕೆ ಬಿದ್ದರೆ ಆ ವರ್ಷದ ಓದೇ ನಿಂತೀತು. ನಮ್ಮ ಮನೆಗಳ ನೆಲವಾದರೂ ಎಂಥದ್ದು? ತಾಂಡೂರು ಕಲ್ಲು, ಶಹಾಬಾದ್ ಕಲ್ಲು! ಬಿದ್ದ ವಸ್ತುವಿಗೆ ಅದು ದಯೆ ತೋರಿಸುವುದಿಲ್ಲ.

ಅಯಸ್ಕಾಂತದ ತಂತಿ ಹುಟ್ಟಿದ್ದೇ ಈ ಭಯದಿಂದ. ಇದರ ಮೂಲ ಅಡುಗೆಮನೆಯಲ್ಲಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. ನೀರು ಕಾಯಿಸುವ ವಿದ್ಯುತ್ ಪಾತ್ರೆಗಳಿಗೆ ಜಪಾನಿನಲ್ಲಿ ಮೊದಲೇ ಇಂಥ ತಂತಿ ಇತ್ತು. ಮಗು ತಂತಿ ಜಗ್ಗಿದರೆ ತಂತಿ ಕಳಚಿ ಬರುತ್ತಿತ್ತು, ಬಿಸಿನೀರು ಮೈಮೇಲೆ ಬೀಳುತ್ತಿರಲಿಲ್ಲ. 2006ರಲ್ಲಿ ಆಪಲ್ ಕಂಪನಿ ಅದೇ ಉಪಾಯವನ್ನು ತನ್ನ ಮ್ಯಾಕ್‌ಬುಕ್ ಪ್ರೊಗೆ ತಂದು ಮ್ಯಾಗ್‌ಸೇಫ್ ಎಂದು ಹೆಸರಿಟ್ಟಿತು. 2016ರ ಮ್ಯಾಕ್‌ಬುಕ್ ಪ್ರೊದಲ್ಲಿ ಅದನ್ನು ಕೈಬಿಟ್ಟಿತು, 2021ರಲ್ಲಿ ಮತ್ತೆ ತಂದಿತು. ಮೈಕ್ರೋಸಾಫ್ಟ್‌ನ ಸರ್ಫೇಸ್ ಯಂತ್ರಗಳಲ್ಲೂ ಅಯಸ್ಕಾಂತದ ಜೋಡಣೆ ಬಂದಿದೆ. ಇವು ಯಂತ್ರ ಮಾಡಿದವರೇ ಅದಕ್ಕೆಂದು ರೂಪಿಸಿದವು, ಒಳ್ಳೆಯವು. ಆದರೆ ಇಂಥ ಯಂತ್ರಗಳ ಬೆಲೆ ಹೆಚ್ಚು. ಬರೀ ಅಯಸ್ಕಾಂತದ ಆಸೆಗೆ ಇನ್ನಷ್ಟು ಸಾಲ ಮಾಡುವುದು ಸರಿಯಲ್ಲ.

ಸಾದಾ ತಂತಿ ಎಂದರೆ ಈಗ ಹೆಚ್ಚಾಗಿ ಟೈಪ್-ಸಿ. 2014ರಲ್ಲಿ ಬಂದ ಇದನ್ನು ಹೇಗೆ ತಿರುಗಿಸಿದರೂ ಕೂರುತ್ತದೆ, ಹತ್ತು ಸಾವಿರ ಸಲ ಹಾಕಿ ತೆಗೆದರೂ ತಾಳಬೇಕೆಂದು ರೂಪಿಸಿದ್ದಾರೆ. ಯುರೋಪಿನ ಒಕ್ಕೂಟವು 2024ರ ಡಿಸೆಂಬರ್ 28ರಿಂದ ಫೋನುಗಳಿಗೆ, 2026ರ ಏಪ್ರಿಲ್ 28ರಿಂದ ಲ್ಯಾಪ್‌ಟಾಪ್‌ಗಳಿಗೆ ಇದನ್ನೇ ಕಡ್ಡಾಯ ಮಾಡಿ ಕಾನೂನು ತಂದಿತು. ಯಂತ್ರಕ್ಕೊಂದು ಚಾರ್ಜರ್ ಕೊಂಡು, ಹಳೆಯದನ್ನು ಎಸೆಯುವುದು ಕಡಿಮೆಯಾಗಲಿ ಎಂಬುದು ಅದರ ಒಂದು ಉದ್ದೇಶ. 2015ರಲ್ಲಿ ಪೋಪ್ ಫ್ರಾನ್ಸಿಸ್‌ರವರು ತಮ್ಮ 'ಲೌದಾತೋ ಸೀ' ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯ ಬಗ್ಗೆ ನಮ್ಮನ್ನು ಎಚ್ಚರಿಸಿದ್ದನ್ನು ಇಲ್ಲಿ ನೆನೆಯಬಹುದು. ಒಂದೇ ಚಾರ್ಜರ್ ಅಪ್ಪನ ಫೋನಿಗೂ ಮಗಳ ಲ್ಯಾಪ್‌ಟಾಪ್‌ಗೂ ಆಗುವುದಾದರೆ ಅದು ಬಡವನ ಮನೆಗೂ ಹಿತ, ಭೂಮಿಗೂ ಹಿತ.

ಆದರೆ ಟೈಪ್-ಸಿ ಗಟ್ಟಿಯಾಗಿ ಹಿಡಿಯುತ್ತದೆ. ನೇರವಾಗಿ ಎಳೆದರೆ ಕಳಚೀತು, ಅಡ್ಡ ಎಳೆದರೆ ಲ್ಯಾಪ್‌ಟಾಪೇ ಜಾರೀತು ಅಥವಾ ತೂತು ಮುರಿದೀತು. ಕೆಲವು ಯಂತ್ರಗಳಲ್ಲಿ ಈ ತೂತನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಅಂಥದರ ದುರಸ್ತಿ ದುಬಾರಿ.

"ಹಾಗಾದರೆ ಸಾದಾ ಲ್ಯಾಪ್‌ಟಾಪ್‌ಗೆ ಮ್ಯಾಗ್ನೆಟ್ ತುದಿ ಹಾಕಿಸಿದರಾಯಿತಲ್ಲ?" ಎಂದು ಕೇಳುವವರಿದ್ದಾರೆ. ಒಂದು ಸಣ್ಣ ತುಂಡು ಲ್ಯಾಪ್‌ಟಾಪಿನ ತೂತಿನಲ್ಲಿ ಸದಾ ಇರುತ್ತದೆ, ತಂತಿ ಬಂದು ಅದಕ್ಕೆ ಅಂಟಿಕೊಳ್ಳುತ್ತದೆ. ಕಡಿಮೆ ದುಡ್ಡಿಗೆ ಸಿಗುತ್ತದೆ. ಇದು ಬೇಡವೆಂದೇ ನಾವು ಹೇಳುತ್ತೇವೆ. ಟೈಪ್-ಸಿ ನಿಯಮಾವಳಿಯಲ್ಲಿ ಇಂಥ ತುಂಡಿಗೆ ಜಾಗವಿಲ್ಲ. ಲ್ಯಾಪ್‌ಟಾಪ್ ಚಾರ್ಜ್ ಆಗುವಾಗ ಇಪ್ಪತ್ತು ವೋಲ್ಟ್ ಹರಿಯುತ್ತದೆ. ಹೊರಗೆ ತೆರೆದಿರುವ ಸಣ್ಣ ಸಣ್ಣ ಪಿನ್ನುಗಳು ಸೊಟ್ಟಗೆ ಅಂಟಿದರೆ ಆ ವಿದ್ಯುತ್ ಹೋಗಬಾರದ ಪಿನ್ನಿಗೆ ಹೋಗಿ ಒಳಗಿನ ಭಾಗ ಸುಟ್ಟೀತು. ಇನ್ನು ಅಯಸ್ಕಾಂತ ಕಬ್ಬಿಣವನ್ನು ಎಳೆಯದೆ ಬಿಟ್ಟೀತೇ? ವೆಲ್ಡಿಂಗ್ ಶೆಡ್ಡಿನಲ್ಲಿ, ಲೇತ್ ಯಂತ್ರದ ಮುಂದೆ ದುಡಿದು ಮನೆಗೆ ಬರುವವರ ಬಟ್ಟೆಯಲ್ಲಿ ಕಬ್ಬಿಣದ ಪುಡಿ ಇರುತ್ತದೆ. ಅದು ಹೋಗಿ ಪಿನ್ನುಗಳ ನಡುವೆ ಕೂರುತ್ತದೆ. ಕಂಪನಿಯ ಮ್ಯಾಗ್‌ಸೇಫ್ ಇದ್ದವರೂ ಈ ಪುಡಿಯನ್ನು ಆಗಾಗ ಒರೆಸಬೇಕು. ತಾಂಡೂರಿನ ಕಲ್ಲಿನ ಧೂಳು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಟೈಪ್-ಸಿ ತೂತಿನೊಳಗೆ ತುಂಬಿಕೊಳ್ಳುತ್ತದೆ. ತಂತಿ ಪೂರ್ತಿ ಒಳಗೆ ಕೂರುತ್ತಿಲ್ಲವೆಂದರೆ ಧೂಳು ತುಂಬಿರಬಹುದು. ಯಂತ್ರವನ್ನು ಆರಿಸಿ ಶುಚಿ ಮಾಡಿಸಿ, ಸೂಜಿ ಮಾತ್ರ ಹಾಕಬೇಡಿ.

ಹಾಗಾದರೆ ಕೊಳ್ಳುವಾಗ ನೋಡಬೇಕಾದದ್ದೇನು? ಮೊದಲು, ಆ ಲ್ಯಾಪ್‌ಟಾಪ್ ಟೈಪ್-ಸಿಯಿಂದ ಚಾರ್ಜ್ ಆಗುತ್ತದೆಯೇ ಎಂದು ಕೇಳಿ. ಕೆಲವು ಯಂತ್ರಗಳಲ್ಲಿ ಟೈಪ್-ಸಿ ತೂತು ಇದ್ದರೂ ಚಾರ್ಜಿಂಗ್ ಗುಂಡು ಪಿನ್ನಿನಿಂದಲೇ. ಎರಡನೆಯದು, ತಂತಿಯ ಶಕ್ತಿ. ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ 65 ವ್ಯಾಟ್ ಬೇಕು, ಸಾಮಾನ್ಯ ಟೈಪ್-ಸಿ ತಂತಿ ಕೊಡುವುದು ಹೆಚ್ಚೆಂದರೆ 60. ಐದು ಆಂಪಿಯರ್ ಎಂದೋ, 100 ಅಥವಾ 240 ವ್ಯಾಟ್ ಎಂದೋ ಬರೆದ ಒಳ್ಳೆಯ ತಂತಿ ಕೊಳ್ಳಿ. ಮೂರನೆಯದು, ಅಡಾಪ್ಟರಿನ ಮೇಲೆ ಬಿಐಎಸ್ ಗುರುತೂ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಲಿ. ಸಿಕಂದರಾಬಾದಿನ ಸಿ.ಟಿ.ಸಿ. ಮಾರುಕಟ್ಟೆಯಲ್ಲಿ ಕೊಂಡರೂ ಅಷ್ಟೇ, ನಿಮ್ಮೂರ ಅಂಗಡಿಯಲ್ಲಿ ಕೊಂಡರೂ ಅಷ್ಟೇ.

ಕೊಂಡ ಮೇಲೆ ಒಂದು ರೂಪಾಯಿ ಖರ್ಚಿಲ್ಲದ ರಕ್ಷಣೆಯೊಂದಿದೆ: ಓದುವಾಗ ತಂತಿ ಹಾಕಬೇಡಿ. ಹೊಸ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಕೆಲವು ಗಂಟೆ ತಾಳುತ್ತದೆ. ಕರೆಂಟ್ ಇರುವಾಗ, ಮಗು ಅಂಬೆಗಾಲಿಡುವ ಜಾಗ ಬಿಟ್ಟು, ಮೇಜಿನ ಮೇಲೋ ಅಗಲವಾದ ಗೂಡಿನಲ್ಲೋ ಗಾಳಿಯಾಡುವಂತೆ ಇಟ್ಟು ಚಾರ್ಜ್ ಮಾಡಿ. ಆಮೇಲೆ ತಂತಿ ತೆಗೆದು ಓದಲು ಕೊಡಿ. ಮನೆಯವರು ಜಪಮಾಲೆಗೆ ಕೂರುವ ಹೊತ್ತು, ಊಟಕ್ಕೆ ಕೂರುವ ಹೊತ್ತು ಇದಕ್ಕೆ ಎಷ್ಟು ಅನುಕೂಲ! ಯಂತ್ರಕ್ಕೂ ಶಕ್ತಿ, ಕುಟುಂಬಕ್ಕೂ ಶಕ್ತಿ. ತಂತಿ ಹಾಕಿಯೇ ಕೆಲಸ ಮಾಡಬೇಕಾದರೆ ಅದು ಗೋಡೆಗುಂಟ ಹೋಗಲಿ, ನಡೆಯುವ ದಾರಿಗೆ ಅಡ್ಡ ಬರದಿರಲಿ.

ಗೋಪುರ ಕಟ್ಟ ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಕಲಿಸಿದ್ದು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಶಿಷ್ಯನಾಗುವುದಕ್ಕೆ ತೆರಬೇಕಾದ ಬೆಲೆಯನ್ನು ಕುರಿತ ಆ ಮಾತಿನಲ್ಲಿ ಮನೆ ನಡೆಸುವವರಿಗೂ ಬುದ್ಧಿಯಿದೆ. ಅಂಗಡಿಯವನು ತೋರಿಸಿದ ಹೊಸತನ್ನು ನೋಡುವ ಮೊದಲು ನಮ್ಮ ಮನೆಯ ನೆಲ, ಪ್ಲಗ್ಗಿನ ಜಾಗ, ಕಿಸೆಯ ಬಲ ನೋಡೋಣ.

ಕೊನೆಯದಾಗಿ ತಂದೆತಾಯಂದಿರಿಗೆ ಒಂದು ಮಾತು. ಅಯಸ್ಕಾಂತದ ತಂತಿ ಹತ್ತಿರ ಬಂದಾಗ ತಾನಾಗಿ ಕೂಡಿಕೊಳ್ಳುತ್ತದೆ, ಜೋರಾಗಿ ಎಳೆದಾಗ ಬಿಟ್ಟುಕೊಡುತ್ತದೆ. ಬಿಟ್ಟುಕೊಟ್ಟಿದ್ದರಿಂದಲೇ ಯಂತ್ರ ಉಳಿಯುತ್ತದೆ. ಓದಲು ದೂರ ಹೋದ ಮಗನನ್ನೋ ಮಗಳನ್ನೋ ದಿನಕ್ಕೆ ಹತ್ತು ಸಲ ಫೋನ್ ಮಾಡಿ ಜಗ್ಗಬೇಡಿ. ಹಾಗೆಂದು ಸಂಬಂಧ ಹರಿಯಲೂ ಬೇಡಿ. ರಜೆಗೆ ಮನೆಗೆ ಬಂದಾಗ ಬಯ್ಗುಳಕ್ಕಿಂತ ಮೊದಲು ಬಿಸಿ ರೊಟ್ಟಿ ಸಿಗಲಿ, ಆಯಿಯ ಕನ್ನಡ ಮಾತು ಸಿಗಲಿ, ಭಾನುವಾರದ ಬಲಿಪೂಜೆಯಲ್ಲಿ ನಿಮ್ಮ ಪಕ್ಕದಲ್ಲಿ ಜಾಗ ಸಿಗಲಿ. ಅವರು ಕೂಡಿಕೊಳ್ಳುತ್ತಾರೆ.

ಓದುವ ನಮ್ಮೆಲ್ಲ ಮಕ್ಕಳನ್ನೂ, ಅವರಿಗಾಗಿ ದುಡಿಯುವ ಕೈಗಳನ್ನೂ ದೇವರು ಹರಸಲಿ.