ಕಬ್ಬಿನ ಬುಡ ಸಿಹಿ, ತುದಿ ಸಪ್ಪೆ ಏಕೆ?

ಸಂಕ್ರಾಂತಿಯ ದಿನ ಎಳ್ಳು–ಬೆಲ್ಲದ ಜೊತೆ ಕಬ್ಬಿನ ಜಲ್ಲೆ ಮನೆಗೆ ಬಂದರೆ ಮಕ್ಕಳಲ್ಲಿ ಸಣ್ಣ ಜಗಳ ಇದ್ದದ್ದೇ. ಎಲ್ಲರಿಗೂ ಬುಡದ ತುಂಡೇ ಬೇಕು. ತುದಿ ಯಾರಿಗೂ ಬೇಡ. ಒಂದೇ ಬೇರು, ಒಂದೇ ನೀರು, ಒಂದೇ ಜಲ್ಲೆ. ಆದರೂ ರುಚಿಯಲ್ಲಿ ಇಷ್ಟು ವ್ಯತ್ಯಾಸ ಏಕೆ?

ಸಕ್ಕರೆ ತಯಾರಾಗುವುದು ಜಲ್ಲೆಯಲ್ಲಲ್ಲ, ಎಲೆಯಲ್ಲಿ. ಅಲ್ಲಿಂದ ಅದು ಜಲ್ಲೆಗೆ ಇಳಿಯಬೇಕು. ಗಿಡಕ್ಕೆ ನಮ್ಮಂತೆ ಹೃದಯವಿಲ್ಲ. ಇರುವುದು ಎರಡು ಬಗೆಯ ನಾಳಗಳು. ಕ್ಸೈಲಮ್ ನಾಳ ಬೇರಿನಿಂದ ನೀರು ಮತ್ತು ಲವಣಗಳನ್ನು ಮೇಲಕ್ಕೆ ತರುತ್ತದೆ. ಫ್ಲೋಯಮ್ ನಾಳ ಎಲೆಯ ಸಕ್ಕರೆಯನ್ನು ಬೇಕಾದ ಕಡೆಗೆ ಒಯ್ಯುತ್ತದೆ.

ಹೃದಯವಿಲ್ಲದೆ ಸಕ್ಕರೆ ಹರಿಯುವುದು ಹೇಗೆಂಬುದಕ್ಕೆ ಜರ್ಮನಿಯ ಅರ್ನ್ಸ್ಟ್ ಮ್ಯೂಂಖ್ 1930ರಲ್ಲಿ ಸರಳ ವಿವರಣೆ ಕೊಟ್ಟರು. ಎಲೆಯ ಬಳಿ ಫ್ಲೋಯಮ್‌ಗೆ ಸಕ್ಕರೆ ತುಂಬಿದಾಗ ಪಕ್ಕದ ಕ್ಸೈಲಮ್‌ನಿಂದ ನೀರು ಒಳನುಗ್ಗಿ ಒತ್ತಡ ಏರುತ್ತದೆ. ಸಕ್ಕರೆಯನ್ನು ಇಳಿಸಿಕೊಳ್ಳುವ ಜಾಗದಲ್ಲಿ ನೀರು ಹೊರಬಿದ್ದು ಒತ್ತಡ ಇಳಿಯುತ್ತದೆ. ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ರಸ ತಾನಾಗಿಯೇ ಹರಿಯುತ್ತದೆ. ಅನೇಕ ಗಿಡಗಳಲ್ಲಿ ಇದರ ವೇಗ ಗಂಟೆಗೆ ಅರ್ಧದಿಂದ ಒಂದು ಮೀಟರ್.

ಈ ರಸವನ್ನು ಪರೀಕ್ಷೆಗೆ ತೆಗೆಯುವುದು ಸುಲಭವಲ್ಲ. ನಾಳವನ್ನು ಕೊಯ್ದರೆ ಅದು ಬೇಗ ಮುಚ್ಚಿಕೊಳ್ಳುತ್ತದೆ. ವಿಜ್ಞಾನಿಗಳು ಸಸ್ಯಹೇನಿನ ಸಹಾಯ ಪಡೆದರು. ಅದು ಸೂಜಿಯಂಥ ಬಾಯನ್ನು ನೇರವಾಗಿ ಫ್ಲೋಯಮ್‌ಗೆ ಚುಚ್ಚಿ ರಸ ಹೀರುತ್ತದೆ. ಬಾಯಿಯನ್ನು ಅಲ್ಲೇ ಬಿಟ್ಟು ಹೇನನ್ನು ಕತ್ತರಿಸಿ ತೆಗೆದರೆ, ಆ ಸಣ್ಣ ಕೊಳವೆಯಿಂದ ರಸ ಗಂಟೆಗಟ್ಟಲೆ ತೊಟ್ಟಿಕ್ಕುತ್ತದೆ!

ಈಗ ನಮ್ಮ ಜಲ್ಲೆಗೆ ಬರೋಣ. ತುದಿಯ ಗೆಣ್ಣುಗಳು ಇನ್ನೂ ಬೆಳೆಯುತ್ತಿವೆ. ಅಲ್ಲಿಗೆ ಬಂದ ಸುಕ್ರೋಸ್ ಸಕ್ಕರೆಯನ್ನು ಇನ್ವರ್ಟೇಸ್ ಎಂಬ ಕಿಣ್ವ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಬೆಳವಣಿಗೆಗೆ ಅದು ಖರ್ಚಾಗುತ್ತದೆ. ಬುಡದ ಗೆಣ್ಣುಗಳ ಬೆಳವಣಿಗೆ ಮುಗಿದಿದೆ. ಅಲ್ಲಿ ಈ ಕಿಣ್ವದ ಚಟುವಟಿಕೆ ಕಡಿಮೆ. ಸುಕ್ರೋಸ್ ಜೀವಕೋಶದ ರಸದಾನಿಯಲ್ಲಿ ಹಾಗೇ ಶೇಖರವಾಗುತ್ತದೆ. ತುದಿಯದು ದುಡಿದು ತಿನ್ನುವ ಸಂಸಾರ, ಬುಡದ್ದು ಕೂಡಿಟ್ಟ ಕಣಜ.

ರೈತರಿಗೆ ಇದು ಅನುಭವದಿಂದಲೇ ಗೊತ್ತು. ಬಿತ್ತನೆಗೆ ಅವರು ಜಲ್ಲೆಯ ಮೇಲ್ಭಾಗದ ಎಳೆಯ ತುಂಡುಗಳನ್ನು ಆರಿಸುತ್ತಾರೆ. ಗ್ಲೂಕೋಸ್ ಹೆಚ್ಚಿರುವ ಅವು ಬೇಗ ಮೊಳೆಯುತ್ತವೆ. ಕಬ್ಬು ಮಾಗಿದೆಯೇ ಎಂದು ನೋಡಲು ಬುಡದ ಮತ್ತು ತುದಿಯ ರಸದ ಬ್ರಿಕ್ಸ್ ಅಳೆಯುತ್ತಾರೆ. ಎರಡೂ ಹೆಚ್ಚುಕಡಿಮೆ ಸಮನಾದರೆ ಕಟಾವಿಗೆ ಸಿದ್ಧ. ಮಾಗುವ ಹೊತ್ತಿನಲ್ಲಿ ಯೂರಿಯಾ ಸುರಿದರೆ ಗಿಡ ಮತ್ತೆ ಬೆಳೆಯಲು ಹೊರಡುತ್ತದೆ. ಕೂಡಿಟ್ಟ ಸಕ್ಕರೆಗೆ ಕೈಹಾಕುತ್ತದೆ. ಕಟಾವಿಗೆ ಮೊದಲು ಕೆಲವು ವಾರ ನೀರು ನಿಲ್ಲಿಸುವುದೂ ಇದಕ್ಕಾಗಿಯೇ. ಬೆಳವಣಿಗೆ ನಿಂತರೆ ಉಳಿತಾಯ ಹೆಚ್ಚುತ್ತದೆ.

ಸಕ್ಕರೆಯ ಕಾವಲು ಹೀಗಾದರೆ, ಲವಣಗಳ ಕಾವಲು ಬೇರಿನಲ್ಲಿದೆ. ಬೇರಿನ ಒಳಪದರದ ಜೀವಕೋಶಗಳ ಸುತ್ತ ನೀರು ತೂರದ ಒಂದು ಪಟ್ಟಿ ಇದೆ. 1865ರಲ್ಲಿ ಅದನ್ನು ವಿವರಿಸಿದ ರಾಬರ್ಟ್ ಕ್ಯಾಸ್ಪರಿ ಅವರ ಹೆಸರಿನಿಂದ ಅದು ಕ್ಯಾಸ್ಪರಿ ಪಟ್ಟಿ. ಮಣ್ಣಿನ ನೀರು ಜೀವಕೋಶಗಳ ಸಂದಿಯಲ್ಲಿ ನುಸುಳುವಂತಿಲ್ಲ, ಕೋಶಪೊರೆಯ ಬಾಗಿಲಿನಿಂದಲೇ ಒಳಹೋಗಬೇಕು. ಅಲ್ಲಿ ಆಯ್ಕೆ ನಡೆಯುತ್ತದೆ. ಪೊಟ್ಯಾಸಿಯಂಗೆ ಸ್ವಾಗತ, ಸೋಡಿಯಂಗೆ ಸಾಧ್ಯವಾದಷ್ಟು ತಡೆ.

ಆದರೆ ಕಾವಲಿಗೂ ಒಂದು ಮಿತಿ ಇದೆ. ಬಸಿಗಾಲುವೆ ಇಲ್ಲದೆ ನೀರು ನಿಂತು ಜಮೀನು ಚೌಳಾದರೆ ಲವಣ ರಸಕ್ಕೂ ನುಗ್ಗುತ್ತದೆ. ಅಂಥ ಕಬ್ಬಿನ ಬೆಲ್ಲಕ್ಕೆ ಉಪ್ಪಿನ ರುಚಿ, ಅಚ್ಚು ಗಟ್ಟಿಯಾಗುವುದಿಲ್ಲ. ಬೇಕಾದ ಪೊಟ್ಯಾಸಿಯಂ ಕೂಡ ರಸದಲ್ಲಿ ಅತಿಯಾದರೆ ಸಕ್ಕರೆ ಹರಳುಗಟ್ಟದೆ ಕಾಕಂಬಿಯ ಪಾಲಾಗುತ್ತದೆ. ಆಲೆಮನೆಯಲ್ಲಿ ಬೆಲ್ಲ ಕೆಟ್ಟಾಗ ತಪ್ಪು ಯಾವಾಗಲೂ ಕೊಪ್ಪರಿಗೆಯದಲ್ಲ, ಕೆಲವೊಮ್ಮೆ ಗದ್ದೆಯದು.

ಕಬ್ಬನ್ನು ಕಡಿದ ಮೇಲೂ ಕಿಣ್ವ ಸುಮ್ಮನಿರುವುದಿಲ್ಲ. ಎಲೆಯಿಂದ ಹೊಸ ಸಕ್ಕರೆ ಬರುವುದು ನಿಂತಿರುತ್ತದೆ. ಇರುವುದನ್ನು ಇನ್ವರ್ಟೇಸ್ ಒಡೆಯುತ್ತಲೇ ಹೋಗುತ್ತದೆ, ಕೊಯ್ದ ಬಾಯಿಂದ ಬ್ಯಾಕ್ಟೀರಿಯಾ ಸೇರುತ್ತವೆ, ಜಲ್ಲೆ ಒಣಗಿ ತೂಕ ಇಳಿಯುತ್ತದೆ. ಅದಕ್ಕೇ ಕಡಿದ ದಿನವೇ ಕಬ್ಬನ್ನು ಅರೆಯಬೇಕೆನ್ನುವುದು. ಕಾರ್ಖಾನೆಯ ಮುಂದೆ ಎರಡು ದಿನ ಸಾಲಿನಲ್ಲಿ ನಿಂತ ಕಬ್ಬಿನ ಗಾಡಿಯಲ್ಲಿ, ಹನ್ನೆರಡು ತಿಂಗಳು ಗಿಡ ಕೂಡಿಟ್ಟ ಗಂಟು ಸದ್ದಿಲ್ಲದೆ ಕರಗುತ್ತಿರುತ್ತದೆ. ನಷ್ಟ ಮಾತ್ರ ಅದನ್ನು ಬೆಳೆದವರದು.