ಕಾಲು ಬಾತ ಮೇಲೆ ಸ್ಟೂಲು ಹುಡುಕಬೇಡಿ

ಅಂಗಡಿ, ಹೋಟೆಲುಗಳಲ್ಲಿ ದಿನದ ದುಡಿಮೆಯ ಮಿತಿಯನ್ನು 9 ಗಂಟೆಯಿಂದ 10 ಗಂಟೆಗೆ ಏರಿಸಲು ಮಹಾರಾಷ್ಟ್ರದ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. 20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆಗೆ ಈ ಬದಲಾವಣೆ. ಓವರ್‌ಟೈಮಿನ ಲೆಕ್ಕ ಹಾಕುವವರು ಹಾಕಲಿ. ಹೆಚ್ಚಿಗೆ ಬಂದ ಆ ಒಂದು ಗಂಟೆಯ ಭಾರ ಹೊರುವುದು ಕಾಲುಗಳು. ಅವುಗಳ ಬಗ್ಗೆ ಈಗಲೇ ಮಾತಾಡಬೇಕು.

ಉಲ್ಹಾಸನಗರ ನಿಂತು ದುಡಿಯುವವರ ಊರು. ದೇಶವಿಭಜನೆಯ ಬಳಿಕ ಕಲ್ಯಾಣದ ಹಳೆಯ ಮಿಲಿಟರಿ ಕ್ಯಾಂಪಿಗೆ ಬಂದಿಳಿದ ಸಿಂಧಿ ಕುಟುಂಬಗಳು ಕೈಯಾರೆ ಕಟ್ಟಿದ ಪೇಟೆ ಇದು. ಗಜಾನನ ಮಾರ್ಕೆಟ್ಟಿನಲ್ಲಿ ಮದುವೆಯ ಬಟ್ಟೆ ಬಿಡಿಸಿ ತೋರಿಸುವ ಹುಡುಗಿ, ಜೀನ್ಸ್ ಕಾರ್ಖಾನೆಯಲ್ಲಿ ಇಸ್ತ್ರಿ ಹಾಕುವವನು, ನಮ್ಮವರ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ಬೇಯುವವನು, ಇವರಲ್ಲಿ ಯಾರಿಗೂ ಬೆಳಗಿನಿಂದ ಕೂರಲು ಜಾಗವಿಲ್ಲ. ರಾತ್ರಿ ಶಹಾಡಿನಲ್ಲೋ ವಿಠ್ಠಲವಾಡಿಯಲ್ಲೋ ಲೋಕಲ್ ಹತ್ತಿದರೆ ಟಿಟ್ವಾಲಾ, ಬದಲಾಪುರದವರೆಗೆ ಮತ್ತೆ ನಿಂತೇ ಪ್ರಯಾಣ.

ಮನೆಗೆ ಬಂದವರು ಒಮ್ಮೆ ತಮ್ಮ ಕಾಲನ್ನೇ ನೋಡಿಕೊಳ್ಳಬೇಕು. ಸಾಕ್ಸ್ ಕಳಚಿದಾಗ ಅದರ ಅಂಚಿನ ಗೆರೆ ಚರ್ಮದಲ್ಲಿ ಆಳವಾಗಿ ಉಳಿದಿದೆಯೇ? ಕಣಕಾಲಿನ ಮೇಲೆ, ಮೂಳೆಯ ಪಕ್ಕದಲ್ಲಿ ಹೆಬ್ಬೆರಳಿಂದ ಹತ್ತು ಸೆಕೆಂಡು ಒತ್ತಿ ತೆಗೆದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತದೆಯೇ? ಹಾಗಿದ್ದರೆ ನೀರು ತುಂಬಿ ಕಾಲು ಬಾತಿದೆ ಎಂದರ್ಥ. ಬೆಳಗ್ಗೆ ಇಳಿದುಹೋಗುತ್ತದೆಂದು ಎಲ್ಲರೂ ಸುಮ್ಮನಾಗುತ್ತಾರೆ. ಸುಮ್ಮನಾಗಬಾರದ ಹಂತವೇ ಅದು.

ಕಾಲಿನ ರಕ್ತ ಮೇಲೇರಿ ಹೃದಯಕ್ಕೆ ಮರಳಬೇಕು. ಅದನ್ನು ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯು. ನಡೆಯುವಾಗ ಅದು ಪ್ರತಿ ಹೆಜ್ಜೆಗೂ ಹಿಂಡಿ ಬಿಡುತ್ತದೆ. ರಕ್ತನಾಳದೊಳಗಿನ ಪುಟ್ಟ ಕವಾಟಗಳು ರಕ್ತ ಕೆಳಗೆ ಜಾರದಂತೆ ತಡೆಯುತ್ತವೆ. ಒಂದೇ ಕಡೆ ನಿಂತವರಿಗೆ ಈ ಹಿಂಡುವಿಕೆ ಇಲ್ಲ. ರಕ್ತ ಕೆಳಗೇ ತಂಗುತ್ತದೆ, ನಾಳ ಹಿಗ್ಗುತ್ತದೆ, ವರ್ಷಗಳು ಕಳೆದಂತೆ ಕವಾಟಗಳು ಸೋಲುತ್ತವೆ. ಆಮೇಲೆ ಕಾಣುವುದೇ ಹಸಿರು ಹಗ್ಗದಂತೆ ಉಬ್ಬಿದ ನರ, ಕಣಕಾಲಿನ ಒಳಬದಿಯಲ್ಲಿ ಕಪ್ಪಾದ ಚರ್ಮ, ಕೊನೆಗೆ ಮಾಯದ ಹುಣ್ಣು. ಡೆನ್ಮಾರ್ಕಿನಲ್ಲಿ ದುಡಿಯುವವರನ್ನು 12 ವರ್ಷ ಗಮನಿಸಿದ ಅಧ್ಯಯನವೊಂದರಲ್ಲಿ, ದಿನದ ಬಹುಪಾಲು ನಿಂತೇ ಕೆಲಸ ಮಾಡುವವರು ಉಬ್ಬಿದ ನರಕ್ಕಾಗಿ ಆಸ್ಪತ್ರೆ ಸೇರುವ ಸಂಭವ ಉಳಿದವರಿಗಿಂತ ಸುಮಾರು ಮುಕ್ಕಾಲು ಪಾಲು ಹೆಚ್ಚೆಂದು ಕಂಡುಬಂತು. ಅಲ್ಲಿಯ ಚಳಿಯಲ್ಲೇ ಹೀಗಾದರೆ ನಮ್ಮ ಅಡುಗೆಮನೆಗಳ ಸೆಕೆಯಲ್ಲಿ ನಾಳಗಳು ಇನ್ನಷ್ಟು ಹಿಗ್ಗುತ್ತವೆ.

ಕೂರಿಸಬೇಕೆಂದು ಕಾನೂನು ಹೇಳಿ ಬಹಳ ಕಾಲವಾಯಿತು. 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮಿನಲ್ಲೇ, ನಿಂತು ದುಡಿಯುವವರಿಗೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕೆಂದಿತ್ತು. ಅಂಗಡಿಗಳಿಗೆ ಅದು ಅನ್ವಯಿಸಲಿಲ್ಲ. ಕೋಯಿಕ್ಕೋಡಿನ ಮಿಠಾಯಿ ತೆರುವಿನ ಬಟ್ಟೆ ಅಂಗಡಿಗಳ ಹೆಂಗಸರು ಪಿ. ವಿಜಿಯವರ ಮುಂದಾಳುತನದಲ್ಲಿ ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವ ಹಕ್ಕಿಗಾಗಿ ಹೋರಾಡಿದ ಮೇಲೆ 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಯನ್ನು ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಸುರಕ್ಷತಾ ಸಂಹಿತೆಯಲ್ಲೂ ಈ ಮಾತಿದೆ. ಆದರೆ ಅದು ಮುಖ್ಯವಾಗಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆಗೆ. ಮೂರು ನಾಲ್ಕು ಜನ ದುಡಿಯುವ ನಮ್ಮ ಪೇಟೆಯ ಅಂಗಡಿಗೆ ಯಾವ ಇನ್‌ಸ್ಪೆಕ್ಟರೂ ಸ್ಟೂಲು ಎಣಿಸಲು ಬರುವುದಿಲ್ಲ.

ಆದ್ದರಿಂದ ಕೇಳುವುದು ಮಾಲಕರನ್ನೇ. ಥಾಣೆಯಿಂದ ಕಲ್ಯಾಣದವರೆಗೆ ಊರಿನಿಂದ ಬಂದು ಲೋಟ ತೊಳೆದು, ಸಪ್ಲೈ ಮಾಡಿ ಹೋಟೆಲು ಕಟ್ಟಿದ ನಮ್ಮವರು ಎಷ್ಟೋ ಮಂದಿ. ಕಾಲು ಸೋಲುವುದು ಏನೆಂದು ನಿಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಗಿರಾಕಿ ಬಂದಾಗ ಕೆಲಸದವ ಕೂತಿದ್ದರೆ ಅಗೌರವ ಎಂಬ ಎಣಿಕೆಯನ್ನು ಮೊದಲು ಬಿಡಿ. ಕೌಂಟರಿನ ಹಿಂದೆ ಎತ್ತರದ ಸ್ಟೂಲು ಇಡಿ. ಎದ್ದು ನಿಲ್ಲಲು ಅರೆ ಕ್ಷಣ ಸಾಕು. ದೋಸೆ ಹುಯ್ಯುವವನಿಗೆ ಕೂರಲಾಗದಿದ್ದರೆ ಗೇಣಿಗಿಂತ ತಗ್ಗಿನ ಮಣೆಯೊಂದನ್ನು ಇಟ್ಟುಕೊಟ್ಟರೆ ಒಂದೊಂದು ಪಾದವನ್ನು ಸರದಿಯಂತೆ ಏರಿಸಿಕೊಳ್ಳುತ್ತಾನೆ, ಸೊಂಟವೂ ಉಳಿಯುತ್ತದೆ. ನೆಲಕ್ಕೆ ದಪ್ಪ ರಬ್ಬರ್ ಚಾಪೆ ಹಾಕಿ. ಗಂಟೆಗೊಮ್ಮೆ ಐದು ನಿಮಿಷ ಕೂರಲು ಸರದಿ ಹಚ್ಚಿ.

ದುಡಿಯುವವರೂ ಕೆಲವನ್ನು ಮಾಡಬಹುದು. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿದರೆ ಮೀನಖಂಡ ಮತ್ತೆ ಹಿಂಡತೊಡಗುತ್ತದೆ. ಬಿಡುವಾದಾಗಲೆಲ್ಲ ಇಪ್ಪತ್ತು ಸಲ ಮಾಡಿ. ಸವೆದ ರಬ್ಬರ್ ಚಪ್ಪಲಿಯಲ್ಲಿ ದಿನ ಕಳೆಯಬೇಡಿ, ಹಿಮ್ಮಡಿಗೆ ಮೆತ್ತೆಯಿರುವ ಬೂಟು ಬೇಕು. ಮನೆಯಲ್ಲಿ ಕಾಲು ಗಂಟೆ ಮಲಗಿ, ದಿಂಬಿನ ಮೇಲೆ ಕಾಲನ್ನು ಎದೆಗಿಂತ ಎತ್ತರಕ್ಕಿಡಿ. ಬಿಗಿ ಕಾಲುಚೀಲ ಬಹಳ ಮಂದಿಗೆ ಆರಾಮ ಕೊಡುತ್ತದೆ, ಆದರೆ ಅದನ್ನು ಬೆಳಗ್ಗೆ ಬಾವು ಬರುವ ಮೊದಲೇ ಹಾಕಿಕೊಳ್ಳಬೇಕು. ಸಕ್ಕರೆ ಕಾಯಿಲೆ ಇದ್ದವರು, ನಡೆದರೆ ಕಾಲು ಹಿಡಿದುಕೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಹಾಕಬಾರದು.

ಇನ್ನೊಂದು ಎಚ್ಚರಿಕೆ, ಇದು ತುರ್ತಿನದು. ಎರಡೂ ಕಾಲು ಸಂಜೆ ಬಾಯುವುದು ಬೇರೆ, ಒಂದೇ ಕಾಲು ತಟ್ಟನೆ ಬಾತು, ಬಿಸಿಯಾಗಿ, ಮೀನಖಂಡ ಮುಟ್ಟಲಾರದಷ್ಟು ನೋಯುವುದು ಬೇರೆ. ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದೀತು. ಮುಟ್ಟದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಜೊತೆಗೆ ಎದೆನೋವೋ ಏದುಸಿರೋ ಬಂದರೆ 108ಕ್ಕೆ ಫೋನ್ ಮಾಡಿ. ಕೆಲಸದವನು ರಜೆ ಕೇಳಲು ಹೆದರಿ ಸುಮ್ಮನಿದ್ದಾನು, ಕಳಿಸಬೇಕಾದವರು ಗಲ್ಲಾದಲ್ಲಿ ಕೂತ ನೀವು.